ಹಲ್ಲಿನ ಅಮಾಲ್ಗಮ್, ಕೆಮಿಸ್ಟ್ರಿ ಪುಸ್ತಕದ ಅಮಾಲ್ಗಮ್: ಎರಡೂ ಒಂದೇನಾ?

ಪ್ರಶ್ನೆ: ಡಾಕ್ಟ್ರೇ, ಸುಮಾರು ಹದಿನೈದು ವರ್ಷದ ಹಿಂದೆ ನನ್ನ ಎರಡು ದವಡೆ ಹಲ್ಲಿಗೆ ಬೆಳ್ಳಿ ಸಿಮೆಂಟ್ ಹಾಕಿಸಿದ್ದೆ. ಚೀಟಿಯಲ್ಲಿ ಅಮಾಲ್ಗಮ್ ಅಂತ ಬರೆದಿದ್ದರು. ಈಗ ಮಗಳು ಸೆಕೆಂಡ್ ಪಿಯುಸಿ ಸೈನ್ಸ್. ಅವಳ ಕೆಮಿಸ್ಟ್ರಿ ಪುಸ್ತಕದಲ್ಲಿ ಸೋಡಿಯಂ ಅಮಾಲ್ಗಮ್, ಸತುವಿನ ಅಮಾಲ್ಗಮ್ ಅಂತೆಲ್ಲ ಬರುತ್ತದೆ. "ಅಪ್ಪಾ, ನಿಮ್ಮ ಬಾಯಲ್ಲಿ ಪಾದರಸ ಇದೆ, ತೆಗೆಸಿಬಿಡಿ" ಅಂತ ದಿನಾ ಹೇಳ್ತಾಳೆ. ನಾನು ಬ್ಯಾಂಕಿನಲ್ಲಿದ್ದು ರಿಟೈರ್ ಆದವನು. ನನಗೆ ಗೊತ್ತಿದ್ದ ಅಮಾಲ್ಗಮೇಶನ್ ಅಂದರೆ ನಮ್ಮ ಬ್ಯಾಂಕು ಇನ್ನೊಂದು ಬ್ಯಾಂಕಿನಲ್ಲಿ ಸೇರಿಹೋದದ್ದು, ಅಷ್ಟೇ. ಹಲ್ಲಲ್ಲಿರೋದು ಪುಸ್ತಕದಲ್ಲಿರೋದೇನಾ? ತೆಗೆಸಬೇಕಾ? ಸುಮ್ನೆ ಬಿಡಬಹುದಾ?

ಉತ್ತರ: ಮೊದಲು ಮಗಳಿಗೆ ಮುಕ್ಕಾಲು ಮಾರ್ಕ್ಸ್ ಕೊಡಿ. ನಿಮ್ಮ ಬಾಯಲ್ಲಿ ಪಾದರಸ ಇರುವುದು ನಿಜ, ಅದೂ ಚಿಟಿಕೆಯಷ್ಟಲ್ಲ, ಆ ಫಿಲ್ಲಿಂಗಿನ ತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು. ಕಾಲು ಮಾರ್ಕ್ಸ್ ಕಟ್ ಮಾಡುವುದು "ತೆಗೆಸಿಬಿಡಿ" ಅನ್ನುವ ಮಾತಿಗೆ. ಫಿಲ್ಲಿಂಗ್ ಗಟ್ಟಿಯಾಗಿ ಕೂತಿದ್ದರೆ, ಅಂಚು ಒಡೆದಿಲ್ಲದಿದ್ದರೆ, ಒಳಗೆ ಮತ್ತೆ ಹುಳುಕು ಸೇರಿಲ್ಲದಿದ್ದರೆ ಅದನ್ನು ಮುಟ್ಟಬೇಡಿ. ಯಾಕೆ ಅಂತ ಕೊನೆಗೆ ಹೇಳುತ್ತೇನೆ. ಅದು ಅರ್ಥವಾಗಬೇಕಾದರೆ ಕೆಮಿಸ್ಟ್ರಿಯವರು ಈ ಪದವನ್ನು ಹೇಗೆ ಬಳಸುತ್ತಾರೆ, ನಾವು ಹಲ್ಲಿನವರು ಹೇಗೆ ಬಳಸುತ್ತೇವೆ ಅನ್ನುವುದು ಮೊದಲು ಗೊತ್ತಾಗಬೇಕು.

ಕೆಮಿಸ್ಟ್ರಿಯವರಿಗೆ ಅಮಾಲ್ಗಮ್ ಅಂದರೆ ಒಂದು ದೊಡ್ಡ ಕುಟುಂಬದ ಹೆಸರು. ಪಾದರಸದ ಜೊತೆ ಯಾವ ಲೋಹ ಬೆರೆತರೂ ಅದು ಅಮಾಲ್ಗಮ್. ಸೋಡಿಯಂ, ಸತು, ತವರ, ಬೆಳ್ಳಿ, ಚಿನ್ನ, ಅಲ್ಯುಮಿನಿಯಂ, ಯಾವುದಾದರೂ ಸರಿ. ಅದು ನೀರಿನ ಹಾಗೆ ಹರಿಯಬಹುದು, ಬೆಣ್ಣೆ ಹಾಗೆ ಮೆತ್ತಗಿರಬಹುದು, ಕಲ್ಲಿನಷ್ಟು ಗಟ್ಟಿಯೂ ಇರಬಹುದು. ಎಲ್ಲ ಪಾದರಸ ಎಷ್ಟು, ಇನ್ನೊಂದು ಲೋಹ ಎಷ್ಟು ಅನ್ನುವುದರ ಮೇಲೆ. ಮಗಳ ಪುಸ್ತಕದ ದ್ರಾವಣಗಳ ಪಾಠದಲ್ಲಿ ಒಂದು ಕೋಷ್ಟಕ ಇದೆ, ಘನದಲ್ಲಿ ದ್ರವ ಕರಗಿರುವ ದ್ರಾವಣಕ್ಕೆ ಉದಾಹರಣೆ ಕೊಡುವಾಗ ಸೋಡಿಯಂ ಜೊತೆಗಿನ ಪಾದರಸದ ಅಮಾಲ್ಗಮನ್ನೇ ಕೊಟ್ಟಿದ್ದಾರೆ. ಅವಳು ಓದಿರುವುದು ಅದೇ ಇರಬೇಕು.

ಈ ಕುಟುಂಬಕ್ಕೆ ಸೇರದ ಲೋಹಗಳೂ ಇವೆ. ಕಬ್ಬಿಣ ಪಾದರಸದ ಜೊತೆ ಸುಲಭಕ್ಕೆ ಬೆರೆಯುವುದಿಲ್ಲ. ಪ್ಲಾಟಿನಂ, ಟಂಗ್‌ಸ್ಟನ್ ಕೂಡ ಹಾಗೇ. ಅದಕ್ಕೇ ಹಿಂದಿನಿಂದಲೂ ಪಾದರಸವನ್ನು ಕಬ್ಬಿಣದ ಸೀಸೆಗಳಲ್ಲಿ ತುಂಬಿ ಸಾಗಿಸುತ್ತಿದ್ದರು, ಒಂದೊಂದರಲ್ಲಿ ಸುಮಾರು 34.5 ಕೆಜಿ. ನಾವು ಹಲ್ಲಿಗೆ ಅಮಾಲ್ಗಮ್ ತುಂಬುವಾಗ ಬಳಸುವ ಸ್ಟೀಲ್ ಉಪಕರಣಗಳು ಹಾಳಾಗದೆ ಉಳಿಯುವುದೂ ಇದೇ ಕಾರಣಕ್ಕೆ. ಆದರೆ ಬೆರಳಲ್ಲಿ ಚಿನ್ನದ ಉಂಗುರ ಇಟ್ಟುಕೊಂಡು ಪಾದರಸ ಮುಟ್ಟಿದರೆ ಮುಗೀತು, ಉಂಗುರ ಬೆಳ್ಳಗಾಗುತ್ತದೆ. ಅದೂ ಒಂದು ಅಮಾಲ್ಗಮ್ಮೇ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಕೆಮಿಸ್ಟ್ರಿಯಲ್ಲಿ, ಗಣಿಯಲ್ಲಿ, ಕಾರ್ಖಾನೆಯಲ್ಲಿ ಬಹುಪಾಲು ಅಮಾಲ್ಗಮ್ ಮಾಡುವುದು ಆಮೇಲೆ ಅದನ್ನು ಬಿಡಿಸುವುದಕ್ಕೆ. ಪಾದರಸ ಅಲ್ಲಿ ಸಾಗಿಸುವ ಆಳು. ಲೋಹವನ್ನು ಹಿಡಿದುಕೊಂಡು ಬರುತ್ತದೆ, ಬೇಕಾದ ಜಾಗದಲ್ಲಿ ಇಳಿಸುತ್ತದೆ, ತಾನು ವಾಪಸ್ ಹೋಗುತ್ತದೆ. ಹಲ್ಲಿನಲ್ಲಿ ಇದು ಪೂರ್ತಿ ತಿರುಗುಮುರುಗು. ಅಲ್ಲಿ ಅಮಾಲ್ಗಮ್ ಮಾಡುವುದು ಅದು ಯಾವತ್ತೂ ಬಿಡಬಾರದು ಅಂತಲೇ. ಈ ಒಂದು ವ್ಯತ್ಯಾಸ ತಲೆಯಲ್ಲಿದ್ದರೆ ಉಳಿದದ್ದೆಲ್ಲ ತಾನಾಗೇ ಸರಿಹೋಗುತ್ತದೆ.

ಮೊದಲನೇದಕ್ಕೆ ನಮ್ಮೂರಿನದೇ ಉದಾಹರಣೆ ಕೋಲಾರದ ಚಿನ್ನದ ಗಣಿ. 1880ರಲ್ಲಿ ಜಾನ್ ಟೇಲರ್ ಕಂಪನಿ ಅಲ್ಲಿ ಕೆಲಸ ಶುರು ಮಾಡಿದ ಕಾಲದಲ್ಲಿ ಚಿನ್ನ ತೆಗೆಯುತ್ತಿದ್ದದ್ದು ಪಾದರಸದಿಂದ. ಅದಿರನ್ನು ದೊಡ್ಡ ಒನಕೆಯಂಥ ಯಂತ್ರಗಳಲ್ಲಿ ಕುಟ್ಟಿ ನೀರಿನ ಜೊತೆ ಕೆಸರು ಮಾಡುತ್ತಾರೆ, ಆ ಕೆಸರನ್ನು ಪಾದರಸ ಬಳಿದ ತಾಮ್ರದ ತಗಡಿನ ಮೇಲೆ ಹರಿಸುತ್ತಾರೆ, ಕಲ್ಲುಪುಡಿ ಹರಿದು ಹೋಗುತ್ತದೆ, ಚಿನ್ನದ ಕಣ ಮಾತ್ರ ಪಾದರಸಕ್ಕೆ ಅಂಟಿಕೊಂಡು ಅಮಾಲ್ಗಮ್ ಆಗಿ ತಗಡಿನ ಮೇಲೆ ಉಳಿಯುತ್ತದೆ. ಅದನ್ನು ಕೆರೆದು, ಹಿಂಡಿ, ಕಾಯಿಸಿದರೆ ಪಾದರಸ ಆವಿಯಾಗಿ ಹೋಗಿ ಚಿನ್ನ ಉಳಿಯುತ್ತದೆ. ಪಾದರಸ ಕುದಿಯುವುದು 357 ಡಿಗ್ರಿ ಸೆಲ್ಸಿಯಸ್‌ಗೆ, ಚಿನ್ನ ಕರಗುವುದಕ್ಕೇ ಸಾವಿರ ಡಿಗ್ರಿ ದಾಟಬೇಕು, ಹಾಗಾಗಿ ಬೇರೆ ಮಾಡುವುದು ಸುಲಭ. ಆ ಆವಿಯನ್ನು ತಣಿಸಿ ಮತ್ತೆ ಪಾದರಸ ಮಾಡಿಕೊಳ್ಳಬಹುದು. 1887ರಲ್ಲಿ ಸೈನೈಡ್ ವಿಧಾನ ಬಂದ ಮೇಲೆ ಪಾದರಸದ ಕೆಲಸ ಕಡಿಮೆಯಾಗುತ್ತ ಬಂತು. ಇವತ್ತು ಕೆಜಿಎಫ್‌ಗೆ ಹೋದವರು ನೋಡುವ ಗುಡ್ಡಗಳಿಗೆ ಜನ ಸೈನೈಡ್ ದಿಬ್ಬ ಅನ್ನುತ್ತಾರೆ ಹೊರತು ಪಾದರಸದ ದಿಬ್ಬ ಅನ್ನುವುದಿಲ್ಲ. ಆದರೆ ಆಫ್ರಿಕಾ, ದಕ್ಷಿಣ ಅಮೆರಿಕ, ಇಂಡೋನೇಷ್ಯಾಗಳಲ್ಲಿ ಸಣ್ಣ ಪ್ರಮಾಣದಲ್ಲಿ ಚಿನ್ನ ತೆಗೆಯುವವರು ಈಗಲೂ ಬಾಣಲೆಯಲ್ಲೇ ಅಮಾಲ್ಗಮ್ ಕಾಯಿಸುತ್ತಾರೆ. ಪ್ರಪಂಚದಲ್ಲಿ ಮನುಷ್ಯರಿಂದ ಗಾಳಿಗೆ ಸೇರುವ ಪಾದರಸದಲ್ಲಿ ದೊಡ್ಡ ಪಾಲು ಇದೇ. ಹಲ್ಲಿನದಲ್ಲ.

ದೇವಸ್ಥಾನದ ಕಳಶಕ್ಕೆ, ವಿಗ್ರಹಕ್ಕೆ ಹಳೆಯ ಪದ್ಧತಿಯಲ್ಲಿ ಚಿನ್ನದ ಮುಲಾಮು ಹಾಕುವುದೂ ಇದೇ ವಿದ್ಯೆ. ಚಿನ್ನವನ್ನು ಪಾದರಸದಲ್ಲಿ ಬೆರೆಸಿ, ತಾಮ್ರದ ಮೇಲೆ ಬಳಿದು, ಕಾಯಿಸಿದರೆ ಪಾದರಸ ಹಾರಿಹೋಗಿ ಚಿನ್ನದ ಪದರ ನಿಲ್ಲುತ್ತದೆ. ನೇಪಾಳದ ನೇವಾರ ಕುಶಲಕರ್ಮಿಗಳು ಇದಕ್ಕೆ ಹೆಸರಾದವರು. ನೋಡೋಕೆ ಬಹಳ ಚೆನ್ನ, ಮಾಡುವವನ ಶ್ವಾಸಕೋಶಕ್ಕೆ ಮಾತ್ರ ಚೆನ್ನಲ್ಲ.

ಸೋಡಿಯಂ ಕಥೆ ಇನ್ನೂ ಸೊಗಸು. ಬರೀ ಸೋಡಿಯಂ ತುಂಡನ್ನು ನೀರಿಗೆ ಹಾಕಿದರೆ ಏನಾಗುತ್ತದೆ ಅಂತ ಮಗಳು ಹೈಸ್ಕೂಲಿನಲ್ಲೇ ಓದಿರುತ್ತಾಳೆ, ಅದು ಓಡಾಡಿ ಹೊತ್ತಿಕೊಳ್ಳುತ್ತದೆ. ಅದೇ ಸೋಡಿಯಂ ಪಾದರಸದ ಜೊತೆ ಸೇರಿದ್ದರೆ ನೀರಿನ ಜೊತೆ ಸಮಾಧಾನವಾಗಿ ವರ್ತಿಸುತ್ತದೆ, ನಿಧಾನಕ್ಕೆ ಹೈಡ್ರೋಜನ್ ಗುಳ್ಳೆ ಬಿಡುತ್ತದೆ. ಕಾಸ್ಟಿಕ್ ಸೋಡಾ ಮಾಡುವ ಕಾರ್ಖಾನೆಗಳು ನೂರು ವರ್ಷ ಇದನ್ನೇ ನಂಬಿಕೊಂಡಿದ್ದವು. ಉಪ್ಪುನೀರಿಗೆ ಕರೆಂಟ್ ಹಾಯಿಸಿದಾಗ ಸೋಡಿಯಂ ಪಾದರಸದಲ್ಲಿ ಸೇರಿಕೊಳ್ಳುತ್ತದೆ, ಆ ಅಮಾಲ್ಗಮ್ ಪಕ್ಕದ ತೊಟ್ಟಿಗೆ ಹರಿದು ನೀರಿಗೆ ಸೋಡಿಯಂ ಒಪ್ಪಿಸಿ ಕಾಸ್ಟಿಕ್ ಸೋಡಾ ಮಾಡುತ್ತದೆ, ಬರಿಗೈಯಾದ ಪಾದರಸ ಮತ್ತೆ ಮೊದಲಿನ ಜಾಗಕ್ಕೆ ಬರುತ್ತದೆ. ಈಗ ಅದರ ಜಾಗಕ್ಕೆ ಮೆಂಬ್ರೇನ್ ವಿಧಾನ ಬಂದಿದೆ.

ಮಗಳ ಪುಸ್ತಕದಲ್ಲೇ ಇನ್ನೆರಡು ಕಡೆ ಸತುವಿನ ಅಮಾಲ್ಗಮ್ ಸಿಗುತ್ತದೆ. ಒಂದು ಮರ್ಕ್ಯುರಿ ಸೆಲ್, ಹಿಂದೆ ವಾಚಿಗೆ, ಕಿವಿಯ ಮಷಿನ್ನಿಗೆ ಹಾಕುತ್ತಿದ್ದ ಗುಂಡಿಯಂಥ ಸೆಲ್. ಅದರ ಆನೋಡ್, ಅಂದರೆ ಋಣ ತುದಿ, ಸತುವಿನ ಅಮಾಲ್ಗಮ್, ಸುಮಾರು 1.35 ವೋಲ್ಟ್ ಸ್ಥಿರವಾಗಿ ಕೊಡುತ್ತದೆ. ಬರೀ ಸತುವನ್ನೇ ಇಡಬಹುದಿತ್ತಲ್ವಾ ಅಂದರೆ, ಬರೀ ಸತು ಸೆಲ್ಲಿನೊಳಗೆ ತನ್ನಷ್ಟಕ್ಕೆ ಕರಗುತ್ತ ಹೈಡ್ರೋಜನ್ ಬಿಡುತ್ತದೆ, ಪಾದರಸ ಅದನ್ನು ತಡೆಯುತ್ತದೆ. ಇನ್ನೊಂದು ಕ್ಲೆಮೆನ್ಸೆನ್ ಅಪಕರ್ಷಣೆ, ಅಂದರೆ ಸಂಯುಕ್ತದಿಂದ ಆಕ್ಸಿಜನ್ ತೆಗೆಯುವ ಒಂದು ರಾಸಾಯನಿಕ ಕ್ರಿಯೆ, ಅದರಲ್ಲಿ ಸತುವಿನ ಅಮಾಲ್ಗಮ್ ಜೊತೆಗೆ ಗಾಢ ಹೈಡ್ರೋಕ್ಲೋರಿಕ್ ಆಸಿಡ್. ಪರೀಕ್ಷೆಗೆ ಬರುವ ಪ್ರಶ್ನೆ, ಬಿಡಬೇಡ ಅಂತ ಹೇಳಿ.

ಇಷ್ಟೂ ಕಡೆ ಗಮನಿಸಿ. ಬಿಸಿ ಮಾಡಿದರೆ, ನೀರು ಹಾಕಿದರೆ, ಆಸಿಡ್ ಹಾಕಿದರೆ ಬಿಡಿಸಿಕೊಳ್ಳುವ ಅಥವಾ ಒಂದನ್ನು ಬಿಟ್ಟುಕೊಡುವ ವಸ್ತುಗಳು ಇವು. ಇದನ್ನೇ ಓದಿದ ಹುಡುಗಿ ಅಪ್ಪ ಬಿಸಿ ಕಾಫಿ ಕುಡಿಯುವುದನ್ನು ನೋಡಿದರೆ ಹೆದರದೆ ಏನು ಮಾಡುತ್ತಾಳೆ?

ಇನ್ನು ಹಲ್ಲಿನ ಕಡೆ ಬನ್ನಿ. ನಮ್ಮಲ್ಲಿ ಅಮಾಲ್ಗಮ್ ಅಂದರೆ ಕುಟುಂಬದ ಹೆಸರಲ್ಲ, ಒಬ್ಬನೇ ಮನುಷ್ಯನ ಹೆಸರು. ಬೆಳ್ಳಿ, ತವರ, ತಾಮ್ರ, ಕೆಲವೊಮ್ಮೆ ಸ್ವಲ್ಪ ಸತು ಸೇರಿಸಿ ಮಾಡಿದ ಪುಡಿಗೆ ಹೆಚ್ಚುಕಡಿಮೆ ಸಮತೂಕದ ಪಾದರಸ ಬೆರೆಸಿದಾಗ ಬರುವ ವಸ್ತು, ಅದೊಂದೇ. ಸೋಡಿಯಂ ಅಮಾಲ್ಗಮ್ ಅಂತ ಯಾವ ಡೆಂಟಿಸ್ಟ್ ಮುಂದೆ ಹೇಳಿದರೂ ಅವರು ಕಣ್ಣರಳಿಸುತ್ತಾರೆ. ಇದರ ಮೇಲೆ ಇನ್ನೊಂದು ಗೊಂದಲ ಬೇರೆ ಇದೆ, ಅದನ್ನು ನಾವೇ ಮಾಡಿಕೊಂಡದ್ದು. ಕೆಮಿಸ್ಟ್ರಿಯಲ್ಲಿ ಅಮಾಲ್ಗಮ್ ಅನ್ನುವುದು ಅಲಾಯ್‌ನ, ಅಂದರೆ ಮಿಶ್ರಲೋಹದ, ಒಂದು ಜಾತಿ. ನಮ್ಮಲ್ಲಿ ಅಲಾಯ್ ಅಂದರೆ ಪಾದರಸ ಹಾಕುವ ಮೊದಲಿನ ಬರೀ ಪುಡಿ, ಪಾದರಸ ಹಾಕಿದ ಮೇಲೆ ಅಮಾಲ್ಗಮ್. ಹಳೆಯ ಡಬ್ಬಿಗಳ ಮೇಲೆ ಅಮಾಲ್ಗಮ್ ಅಲಾಯ್ ಅಂತ ಇರುತ್ತಿತ್ತು, ಒಳಗೆ ಒಂದು ಹನಿ ಪಾದರಸ ಇರುತ್ತಿರಲಿಲ್ಲ. ಬಿಡಿಎಸ್ ಹುಡುಗರು ಮೊದಲ ಸಲ ಡೆಂಟಲ್ ಮೆಟೀರಿಯಲ್ಸ್ ಓದುವಾಗ ಇಲ್ಲೇ ಎಡವುವುದು ಜಾಸ್ತಿ, ಪಿಯುಸಿಯಲ್ಲಿ ಕಲಿತ ಅರ್ಥವನ್ನೇ ಹಿಡಿದುಕೊಂಡು ಬಂದಿರುತ್ತಾರೆ ಪಾಪ.

ಪುಡಿ ಮತ್ತು ಪಾದರಸ ಬೆರೆತ ಕೂಡಲೇ ಏನಾಗುತ್ತದೆ ಅನ್ನುವುದು ನನಗೆ ಬಹಳ ಇಷ್ಟದ ಪಾಠ, ಸ್ವಲ್ಪ ಸಹಿಸಿಕೊಳ್ಳಿ. ಪುಡಿಯಲ್ಲಿ ಮುಖ್ಯವಾಗಿ ಇರುವುದು ಮೂರು ಬೆಳ್ಳಿ ಪರಮಾಣುವಿಗೆ ಒಂದು ತವರ ಸೇರಿದ ಸಂಯುಕ್ತ. ಇದನ್ನು ಗಾಮಾ ಅನ್ನುತ್ತಾರೆ. ಪಾದರಸ ಆ ಕಣಗಳ ಹೊರಮೈಯನ್ನು ಕರಗಿಸುತ್ತದೆ. ಬೆಳ್ಳಿ ಪಾದರಸದ ಜೊತೆ ಸೇರಿ ಹೊಸ ಸಂಯುಕ್ತವಾಗುತ್ತದೆ, ಅದು ಗಾಮಾ ಒಂದು. ತವರ ಪಾದರಸದ ಜೊತೆ ಸೇರಿ ಇನ್ನೊಂದಾಗುತ್ತದೆ, ಅದು ಗಾಮಾ ಎರಡು. ಈ ಎರಡೂ ಹರಳುಗಟ್ಟಿ ಬೆಳೆಯುತ್ತ ಹೋಗುತ್ತವೆ, ಇತ್ತ ದ್ರವ ಪಾದರಸ ಖರ್ಚಾಗುತ್ತ ಬರುತ್ತದೆ. ಪುಡಿಯ ಕಣ ಪೂರ್ತಿ ಕರಗುವುದಿಲ್ಲ, ಮಧ್ಯದ ಗಟ್ಟಿ ಭಾಗ ಹಾಗೇ ಉಳಿಯುತ್ತದೆ. ಕೊನೆಗೆ ಕಾಂಕ್ರೀಟಿನಲ್ಲಿ ಜಲ್ಲಿ ಸಿಮೆಂಟಿನ ನಡುವೆ ಕೂತಿರುತ್ತದಲ್ಲ, ಹಾಗೆ ಉಳಿದ ಬೆಳ್ಳಿ-ತವರದ ಕಣಗಳು ಪಾದರಸದ ಹೊಸ ಸಂಯುಕ್ತಗಳ ನಡುವೆ ಕೂತಿರುತ್ತವೆ. ಜನ ಇದನ್ನು ಸಿಮೆಂಟ್ ಅಂತ ಕರೆಯುವುದು ಅಷ್ಟೇನೂ ತಪ್ಪಲ್ಲ ಅಂತ ನನಗೆ ಅನಿಸುತ್ತದೆ, ಡೆಂಟಲ್ ಸಿಮೆಂಟ್ ಅನ್ನುವುದು ನಮ್ಮಲ್ಲಿ ಬೇರೆಯೇ ವಸ್ತುವಾದರೂ.

ಹಾಗಾಗಿ ನಿಮ್ಮ ಹಲ್ಲಿನೊಳಗೆ ಥರ್ಮಾಮೀಟರಿನಲ್ಲಿ ಕಾಣುವಂಥ ಗುಂಡುಗುಂಡು ಪಾದರಸ ಇಲ್ಲ. ಪಾದರಸದ ಪರಮಾಣುಗಳು ಬೆಳ್ಳಿಯ ಜೊತೆ, ತವರದ ಜೊತೆ ಕಟ್ಟಿಹಾಕಿಕೊಂಡಿವೆ. ಗಾಮಾ ಒಂದು ಒಡೆಯಬೇಕಾದರೆ ಸುಮಾರು 127 ಡಿಗ್ರಿ ಬೇಕು. ನಿಮ್ಮ ಕಾಫಿ ಎಷ್ಟೇ ಬಿಸಿ ಇದ್ದರೂ ಕುದಿಯುವ ನೀರೇ 100 ಡಿಗ್ರಿ, ಬಾಯಿ ಅದನ್ನೂ ತಡೆಯುವುದಿಲ್ಲ.

ಗಾಮಾ ಎರಡು ಮಾತ್ರ ಈ ಮನೆಯ ದುರ್ಬಲ ಮಗ. ಮೆತ್ತಗಿರುತ್ತದೆ, ಬೇಗ ತುಕ್ಕು ಹಿಡಿಯುತ್ತದೆ, ಫಿಲ್ಲಿಂಗಿನ ಅಂಚು ಚೂರುಚೂರಾಗಿ ಕಿತ್ತುಬರುವುದು ಬಹುತೇಕ ಇದರಿಂದ. 1960ರ ದಶಕದಲ್ಲಿ ಪುಡಿಯಲ್ಲಿ ತಾಮ್ರ ಹೆಚ್ಚು ಮಾಡಿ ನೋಡಿದರು. ತವರಕ್ಕೆ ಪಾದರಸಕ್ಕಿಂತ ತಾಮ್ರದ ಮೇಲೆ ಪ್ರೀತಿ ಜಾಸ್ತಿ, ಹಾಗಾಗಿ ಅದು ತಾಮ್ರದ ಜೊತೆ ಹೋಗಿಬಿಡುತ್ತದೆ, ಗಾಮಾ ಎರಡು ಹುಟ್ಟುವುದೇ ಇಲ್ಲ ಅನ್ನುವಷ್ಟು ಕಡಿಮೆಯಾಗುತ್ತದೆ. ಹಳೆಯ ಪುಡಿಯಲ್ಲಿ ತಾಮ್ರ ಶೇಕಡಾ 6ರ ಒಳಗೆ, ಹೊಸದರಲ್ಲಿ 12ರಿಂದ 30ರವರೆಗೂ ಇರುತ್ತದೆ. ನಿಮಗೆ ಹದಿನೈದು ವರ್ಷದ ಹಿಂದೆ ಹಾಕಿದ್ದರೆ ಅದು ಹೊಸ ಜಾತಿಯದೇ ಇರುವ ಸಾಧ್ಯತೆ ಹೆಚ್ಚು.

ಸತುವಿನ ವಿಷಯಕ್ಕೆ ಮಗಳಿಗೊಂದು ಒಳ್ಳೆಯ ಲೆಕ್ಕ ಇದೆ. ಮರ್ಕ್ಯುರಿ ಸೆಲ್ಲಿನಲ್ಲಿ ಸತು ಹೈಡ್ರೋಜನ್ ಬಿಡುತ್ತದೆ ಅಂದೆನಲ್ಲ, ಹಲ್ಲಿನಲ್ಲೂ ಅದೇ ತಾಪತ್ರಯ. ಸತು ಇರುವ ಅಮಾಲ್ಗಮ್ ತುಂಬುವಾಗ ಜೊಲ್ಲು ಅಥವಾ ರಕ್ತದ ತೇವ ಸೇರಿಬಿಟ್ಟರೆ, ಸತು ನೀರಿನ ಜೊತೆ ಕೆಲಸ ಮಾಡಿ ಫಿಲ್ಲಿಂಗಿನೊಳಗೇ ಹೈಡ್ರೋಜನ್ ಗಾಳಿ ಹುಟ್ಟುತ್ತದೆ. ಮೂರ್ನಾಲ್ಕು ದಿನವಾದ ಮೇಲೆ ಫಿಲ್ಲಿಂಗ್ ಉಬ್ಬಲು ಶುರುವಾಗುತ್ತದೆ, ಹಲ್ಲು ಒತ್ತಿದಂತೆ ನೋಯುತ್ತದೆ. ಡಾಕ್ಟರು ಹತ್ತಿಯ ಉರುಳೆಗಳನ್ನು ಬಾಯಿ ತುಂಬ ತುರುಕಿ, "ಉಗುಳಬೇಡಿ, ಮಾತಾಡಬೇಡಿ" ಅಂತ ಗದರುವುದು ಸುಮ್ನೆ ಅಲ್ಲ.

ಬೆರೆಸುವ ರೀತಿಯೂ ಹೇಳಿಬಿಡುತ್ತೇನೆ, ಯಾಕೆಂದರೆ ಪಾದರಸದ ನಿಜವಾದ ಅಪಾಯ ಇದ್ದದ್ದು ಅಲ್ಲಿ. ಹಿಂದೆ ಗಾಜಿನ ಕಲ್ಬತ್ತಿನಲ್ಲಿ ಪುಡಿ, ಪಾದರಸ ಹಾಕಿ ಅರೆಯುತ್ತಿದ್ದರು. ಸುಲಭಕ್ಕೆ ಬೆರೆಯಲಿ ಅಂತ ಪಾದರಸ ಸ್ವಲ್ಪ ಜಾಸ್ತಿಯೇ ಹಾಕಿ, ಆಮೇಲೆ ಬಟ್ಟೆಯಲ್ಲಿ ಕಟ್ಟಿ ಹಿಂಡಿ ಹೆಚ್ಚಿನದನ್ನು ತೆಗೆಯುತ್ತಿದ್ದರು. ಚಿನ್ನದ ಗಣಿಯಲ್ಲಿ ಹಿಂಡುತ್ತಿದ್ದ ಹಾಗೇ. ಕೆಲವರು ಬರಿ ಅಂಗೈಯಲ್ಲೇ ಉಜ್ಜುತ್ತಿದ್ದರು. ರೋಗಿ ಒಂದು ಗಂಟೆ ಕೂತು ಹೋಗುತ್ತಾನೆ, ಡಾಕ್ಟರು ಮತ್ತು ಅಸಿಸ್ಟೆಂಟ್ ಆ ಕೋಣೆಯಲ್ಲಿ ವರ್ಷಗಟ್ಟಲೆ ಇರುತ್ತಾರೆ. ನೆಲಕ್ಕೆ ಬಿದ್ದ ಪಾದರಸದ ಹನಿ ಸಂದಿಯಲ್ಲಿ ಸೇರಿ ತಿಂಗಳುಗಟ್ಟಲೆ ಆವಿ ಬಿಡುತ್ತಿತ್ತು. ಈಗ ಪುಡಿ ಮತ್ತು ಪಾದರಸ ಅಳತೆ ಮಾಡಿ ತುಂಬಿದ ಕ್ಯಾಪ್ಸೂಲ್ ಬರುತ್ತದೆ, ಮಷಿನ್ನಿಗೆ ಹಾಕಿದರೆ ಕೆಲವೇ ಸೆಕೆಂಡಿನಲ್ಲಿ ಅಲುಗಾಡಿಸಿ ಬೆರೆಸಿಕೊಡುತ್ತದೆ.

ಇತಿಹಾಸ ಕೇಳಿದರೆ ನಗು ಬರುತ್ತದೆ. ಚೀನಾದಲ್ಲಿ 659ರ ವೈದ್ಯಗ್ರಂಥದಲ್ಲೇ ಹಲ್ಲಿಗೆ ತುಂಬುವ ಬೆಳ್ಳಿಯ ಲೇಪದ ಮಾತಿದೆ. ಯುರೋಪಿನಲ್ಲಿ ಶುರುವಾದದ್ದು 19ನೇ ಶತಮಾನದಲ್ಲಿ, ಬೆಳ್ಳಿ ನಾಣ್ಯವನ್ನು ತುರಿದು ಪಾದರಸದಲ್ಲಿ ಕಲಸಿ ತುಂಬುತ್ತಿದ್ದರು. 1830ರ ದಶಕದಲ್ಲಿ ಕ್ರಾಕೋರ್ ಅನ್ನುವ ಸಹೋದರರು ಇದನ್ನು ನ್ಯೂಯಾರ್ಕಿಗೆ ತಂದರು, ಅದೂ ಒಂದು ರಾಜಮರ್ಯಾದೆಯ ಹೆಸರಿಟ್ಟು. ನಾಣ್ಯದ ಅಮಾಲ್ಗಮ್ ಗಟ್ಟಿಯಾಗುವಾಗ ಹಿಗ್ಗುತ್ತಿತ್ತು, ಹಲ್ಲೇ ಸೀಳುವಷ್ಟು. ಚಿನ್ನ ತುಂಬಿ ದೊಡ್ಡ ಫೀಸ್ ತೆಗೆದುಕೊಳ್ಳುತ್ತಿದ್ದ ಅಮೆರಿಕದ ಡೆಂಟಿಸ್ಟರಿಗೆ ಇದರ ಮೇಲೆ ಸಿಟ್ಟು ಬಂತು. 1840ರಲ್ಲಿ ಶುರುವಾದ ಅವರ ಸಂಘ ಸದಸ್ಯರಿಂದ ಅಮಾಲ್ಗಮ್ ಮುಟ್ಟುವುದಿಲ್ಲ ಅಂತ ಮುಚ್ಚಳಿಕೆ ಬರೆಸಿಕೊಳ್ಳತೊಡಗಿತು, ಜಗಳ ಜೋರಾಗಿ 1856ಕ್ಕೆ ಸಂಘವೇ ಮುಚ್ಚಿಹೋಯಿತು. ಸಿಟ್ಟಿನಲ್ಲಿ ರೋಗಿಯ ಕಾಳಜಿ ಎಷ್ಟಿತ್ತು, ಧಂದೆಯ ಕಾಳಜಿ ಎಷ್ಟಿತ್ತು ಅಂತ ನೀವೇ ಊಹಿಸಿ. ತವರ ಎಷ್ಟು ಹಾಕಿದರೆ ಹಿಗ್ಗುವುದು ನಿಲ್ಲುತ್ತದೆ ಅಂತ 1890ರ ದಶಕದಲ್ಲಿ ಅಮೆರಿಕದ ಡೆಂಟಿಸ್ಟ್ ಜಿ. ವಿ. ಬ್ಲಾಕ್ ಕೂತು ಅಳೆದು ಹೇಳಿದ ಮೇಲೆಯೇ ಇದು ನಂಬಬಹುದಾದ ವಸ್ತುವಾಯಿತು.

ಹಾಗಾದರೆ ಅಪಾಯವೇ ಇಲ್ಲವಾ? ಹಾಗೂ ಹೇಳಲಾರೆ. ಕಟ್ಟಿಹಾಕಿಕೊಂಡ ಪಾದರಸವೂ ಅತಿ ಸಣ್ಣ ಪ್ರಮಾಣದಲ್ಲಿ ಆವಿಯಾಗಿ ಹೊರಬರುತ್ತದೆ, ಜಗಿಯುವಾಗ ಮತ್ತು ರಾತ್ರಿ ಹಲ್ಲು ಕಡಿಯುವವರಲ್ಲಿ ಸ್ವಲ್ಪ ಜಾಸ್ತಿ. ಉಸಿರಿನಲ್ಲಿ ಹೋದ ಪಾದರಸದ ಆವಿಯ ಬಹುಪಾಲನ್ನು ಶ್ವಾಸಕೋಶ ಹೀರಿಕೊಳ್ಳುತ್ತದೆ. ಎರಡು ಫಿಲ್ಲಿಂಗಿನಿಂದ ಬರುವ ಪ್ರಮಾಣ ಸಾಮಾನ್ಯ ಆರೋಗ್ಯದ ದೊಡ್ಡವರಿಗೆ ತೊಂದರೆ ಕೊಡುತ್ತದೆ ಅನ್ನುವುದಕ್ಕೆ ಒಪ್ಪುವಂಥ ಆಧಾರ ಸಿಕ್ಕಿಲ್ಲ. ಆದರೂ ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರ ಸೆಪ್ಟೆಂಬರಿನಲ್ಲಿ ಹೊಸ ಸಲಹೆ ಕೊಟ್ಟಿತು: ಗರ್ಭಿಣಿಯರು, ಗರ್ಭ ಧರಿಸಬೇಕೆಂದಿರುವವರು, ಹಾಲೂಡಿಸುವ ತಾಯಂದಿರು, ಮಕ್ಕಳು, ಅದರಲ್ಲೂ ಆರು ವರ್ಷದ ಒಳಗಿನವರು, ನರದ ಕಾಯಿಲೆ ಅಥವಾ ಕಿಡ್ನಿ ತೊಂದರೆ ಇರುವವರು, ಪಾದರಸದ ಅಲರ್ಜಿ ಇರುವವರು, ಇವರಿಗೆ ಸಾಧ್ಯವಾದಷ್ಟೂ ಹೊಸದಾಗಿ ಅಮಾಲ್ಗಮ್ ಹಾಕಬೇಡಿ. ಅದೇ ಸಲಹೆಯಲ್ಲಿ ಇನ್ನೊಂದು ಮಾತೂ ಇದೆ, ಜನ ಓದುವಾಗ ಬಿಟ್ಟುಬಿಡುತ್ತಾರೆ: ಚೆನ್ನಾಗಿರುವ ಹಳೆಯ ಫಿಲ್ಲಿಂಗನ್ನು ಬೇರೆ ವೈದ್ಯಕೀಯ ಕಾರಣ ಇಲ್ಲದೆ ತೆಗೆಸಬೇಡಿ.

ಯಾಕೆ ಅಂತ ಕೊನೆಗೆ ಹೇಳುತ್ತೇನೆ ಅಂದಿದ್ದೆ. ತೆಗೆಯುವುದು ಅಂದರೆ ಡ್ರಿಲ್ ಇಟ್ಟು ಕೊರೆಯುವುದು. ಅಷ್ಟು ವರ್ಷ ಕಟ್ಟಿಹಾಕಿಕೊಂಡಿದ್ದ ವಸ್ತುವಿಗೆ ನಾವೇ ಬಿಸಿ ಕೊಟ್ಟು, ಪುಡಿ ಮಾಡಿ, ಪಾದರಸ ಬಿಡಿಸಿದಂತಾಗುತ್ತದೆ. ಹಲ್ಲಿನ ಅಮಾಲ್ಗಮ್ಮನ್ನು ಆ ಹೊತ್ತಿನ ಮಟ್ಟಿಗೆ ಗಣಿಯ ಅಮಾಲ್ಗಮ್ ಮಾಡುವ ಕೆಲಸ ಅದು. ಅದರ ಜೊತೆಗೆ ಸುತ್ತಲಿನ ಒಳ್ಳೆಯ ಹಲ್ಲೂ ಒಂದಿಷ್ಟು ಹೋಗುತ್ತದೆ. ನಿಜವಾಗಲೂ ತೆಗೆಯಲೇಬೇಕಾಗಿ ಬಂದರೆ, ಅಂದರೆ ಹಲ್ಲು ಸೀಳಿದ್ದರೆ, ಅಂಚಿನಲ್ಲಿ ಹುಳುಕು ಕಂಡರೆ, ಡಾಕ್ಟರು ನೀರು ಚೆನ್ನಾಗಿ ಬಿಡುತ್ತ, ದೊಡ್ಡ ತುಂಡುಗಳಾಗಿ ಎಬ್ಬಿಸುತ್ತ, ಜೋರಾಗಿ ಎಳೆಯುವ ಸಕ್ಷನ್ ಇಟ್ಟುಕೊಂಡು, ಸಾಧ್ಯವಾದರೆ ರಬ್ಬರ್ ಡ್ಯಾಮ್, ಅಂದರೆ ಆ ಹಲ್ಲನ್ನು ಬಾಯಿಯ ಉಳಿದ ಭಾಗದಿಂದ ಬೇರೆ ಮಾಡುವ ರಬ್ಬರ್ ಹಾಳೆ, ಹಾಕಿ ತೆಗೆಯಲಿ. ಇದನ್ನು ಕೇಳುವುದಕ್ಕೆ ಸಂಕೋಚ ಬೇಡ. "ಬಾಯಿಂದ ಪಾದರಸ ಎಲ್ಲಾ ತೆಗೆದು ದೇಹ ಶುದ್ಧಿ ಮಾಡ್ತೀವಿ" ಅಂತ ಪ್ಯಾಕೇಜ್ ಮಾರುವ ಕಡೆ ಮಾತ್ರ ಹೋಗಬೇಡಿ, ದುಡ್ಡೂ ದಂಡ, ಹಲ್ಲೂ ದಂಡ.

ಮಿನಮಾಟಾ ಹೆಸರು ಕೇಳಿ ಜನ ಹೆದರುವುದಕ್ಕೂ ಒಂದು ಮಾತು. ಜಪಾನಿನ ಆ ಊರಿನಲ್ಲಿ ಕಾರ್ಖಾನೆ ಸಮುದ್ರಕ್ಕೆ ಬಿಟ್ಟದ್ದು ಮೀಥೈಲ್ ಮರ್ಕ್ಯುರಿ, ಅದು ಮೀನಿನಲ್ಲಿ ಸೇರಿ ಜನರ ನರಮಂಡಲ ಹಾಳು ಮಾಡಿತು, ಕಾಯಿಲೆ ಅಂತ ಗುರುತಿಸಿದ್ದು 1956ರಲ್ಲಿ. ಅದು ಹಲ್ಲಿನಲ್ಲಿರುವ ರೂಪ ಅಲ್ಲ. ಆದರೆ ಊರಿನ ಹೆಸರಿನ ಒಪ್ಪಂದ ಹಲ್ಲನ್ನೂ ಮುಟ್ಟಿದೆ. 2013ರಲ್ಲಿ ಒಪ್ಪಿ, 2017ರಲ್ಲಿ ಜಾರಿಗೆ ಬಂದ ಮಿನಮಾಟಾ ಒಪ್ಪಂದವನ್ನು ಭಾರತ 2018ರಲ್ಲಿ ಅನುಮೋದಿಸಿತು, ಅದರಲ್ಲಿ ಹಲ್ಲಿನ ಅಮಾಲ್ಗಮ್ ಬಳಕೆ ಕಡಿಮೆ ಮಾಡುತ್ತ ಬರಬೇಕು ಅಂತಿದೆ. ನಾರ್ವೆ 2008ರಲ್ಲಿ, ಸ್ವೀಡನ್ 2009ರಲ್ಲಿ ನಿಲ್ಲಿಸಿದವು, ಯುರೋಪಿಯನ್ ಒಕ್ಕೂಟ 2025ರ ಜನವರಿ 1ರಿಂದ, ತೀರಾ ವೈದ್ಯಕೀಯ ಅಗತ್ಯ ಇದ್ದಾಗ ಬಿಟ್ಟು, ನಿಲ್ಲಿಸಿದೆ. ಇದಕ್ಕೆ ದೊಡ್ಡ ಕಾರಣ ಕ್ಲಿನಿಕ್ಕಿನ ಚರಂಡಿಯಿಂದ ಮತ್ತು ಚಿತಾಗಾರದ ಹೊಗೆಯಿಂದ ಪರಿಸರಕ್ಕೆ ಸೇರುವ ಪಾದರಸ. ಈಗ ನಮ್ಮಲ್ಲೂ ಹಲ್ಲಿನ ಬಣ್ಣದ ಕಾಂಪೊಸಿಟ್, ಗ್ಲಾಸ್ ಅಯನೋಮರ್ ಜಾಸ್ತಿ ಹಾಕುತ್ತಾರೆ. ನಿಮಗೆ ಮುಂದೆ ಹೊಸ ಹುಳುಕು ಬಂದರೆ ಅವುಗಳಲ್ಲೊಂದು ಹಾಕಿಸಿ, ನಾನೂ ಅದನ್ನೇ ಹೇಳುತ್ತೇನೆ. ಆದರೆ ದವಡೆಯಲ್ಲಿ, ತೇವ ತಡೆಯಲಾಗದ ಮೂಲೆಯಲ್ಲಿ, ಹತ್ತಿಪ್ಪತ್ತು ವರ್ಷ ಜಗಿದು ತೋರಿಸಿದ ವಸ್ತು ಅಮಾಲ್ಗಮ್. ಅದರ ಮೇಲೆ ನನಗೆ ಗೌರವ ಕಡಿಮೆಯಾಗಿಲ್ಲ.

ಬ್ಯಾಂಕಿನ ಮಾತು ಚಿಕ್ಕದು. 2019ರಲ್ಲಿ ವಿಜಯಾ ಬ್ಯಾಂಕು ಬರೋಡಾ ಬ್ಯಾಂಕಿನಲ್ಲಿ, 2020ರಲ್ಲಿ ಸಿಂಡಿಕೇಟ್ ಬ್ಯಾಂಕು ಕೆನರಾದಲ್ಲಿ, ಕಾರ್ಪೊರೇಶನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿ ಸೇರಿದಾಗ ಕಾಗದದಲ್ಲಿ ಬಳಸಿದ ಅಮಾಲ್ಗಮೇಶನ್ ಈ ಪಾದರಸದ ಪದದಿಂದಲೇ ಹೋದದ್ದು, ಪಾದರಸ ಬಿಟ್ಟು ಸೇರುವಿಕೆ ಮಾತ್ರ ಉಳಿಸಿಕೊಂಡಿದೆ. ಆ ಸೇರುವಿಕೆ ಗಣಿಯ ಜಾತಿಯದೋ ಹಲ್ಲಿನ ಜಾತಿಯದೋ ಅಂತ ನಿಮಗೇ ಚೆನ್ನಾಗಿ ಗೊತ್ತು.

ಮಗಳು ಇನ್ನೊಂದು ಕೇಳಬಹುದು ಅಂತ ನನಗೆ ಅನುಮಾನ, ಬುದ್ಧಿವಂತೆ ಇದ್ದ ಹಾಗಿದೆ. ಕ್ಲೆಮೆನ್ಸೆನ್‌ನಲ್ಲಿ ಅಮಾಲ್ಗಮ್ ಜೊತೆ ಹೈಡ್ರೋಕ್ಲೋರಿಕ್ ಆಸಿಡ್ ಇರುತ್ತದೆ, ಹೊಟ್ಟೆಯಲ್ಲೂ ಅದೇ ಆಸಿಡ್ ಇದೆ, ಅಪ್ಪ ಫಿಲ್ಲಿಂಗಿನ ಚೂರು ನುಂಗಿದರೆ? ಏನೂ ಆಗುವುದಿಲ್ಲ. ಅಲ್ಲಿ ಆಸಿಡ್ ಜೊತೆ ಕೆಲಸ ಮಾಡುವುದು ಸತು, ಹಲ್ಲಿನದರಲ್ಲಿ ಸತು ಇದ್ದರೂ ಶೇಕಡಾ ಒಂದೆರಡು. ಬೆಳ್ಳಿಗೂ ಪಾದರಸಕ್ಕೂ ಆ ಆಸಿಡ್ ತಾಗುವುದಿಲ್ಲ, ಹೊಟ್ಟೆಯ ಆಸಿಡ್ಡೂ ಲ್ಯಾಬಿನದಕ್ಕಿಂತ ಎಷ್ಟೋ ತೆಳು. ಚೂರು ಬಂದ ದಾರಿಯಲ್ಲಿ ಮುಂದಕ್ಕೆ ಹೋಗುತ್ತದೆ. ಆದರೆ ಚೂರು ಕಿತ್ತುಬಂದಿದೆ ಅಂದರೆ ಅಲ್ಲಿ ಗುಂಡಿ ಆಗಿದೆ ಅಂತ ಅರ್ಥ, ಆ ವಾರದಲ್ಲೇ ಡೆಂಟಿಸ್ಟ್ ಹತ್ತಿರ ಹೋಗಿ ತೋರಿಸಿ. ಅಲ್ಲಿಯವರೆಗೆ ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಅಂಚು ನೋಡಿಸಿಕೊಂಡರೆ ಸಾಕು.